ಮೊದಲ ಲಾರಿಗೆ ಮುಂಗಡ ಕೊಡುವ ಮುನ್ನ: ತಿಪಟೂರಿನ ಚಾಲಕರೊಬ್ಬರಿಗೆ ಉತ್ತರ

ಪ್ರಶ್ನೆ: ನಾನು ತಿಪಟೂರು ತಾಲ್ಲೂಕಿನವನು, ವಯಸ್ಸು 34. ಹನ್ನೊಂದು ವರ್ಷಗಳಿಂದ ಬೇರೆಯವರ ಲಾರಿ ಓಡಿಸುತ್ತಿದ್ದೇನೆ. ಹೆವಿ ಲೈಸೆನ್ಸ್ ಇದೆ. ಕೂಡಿಟ್ಟ ಹಣ ಐದು ಲಕ್ಷ ರೂಪಾಯಿ ಆಗಿದೆ. ಸ್ವಂತ ಗಾಡಿ ಹಾಕಿ, ನಿಧಾನವಾಗಿ ನಾಲ್ಕೈದು ಗಾಡಿಗಳ ಟ್ರಾನ್ಸ್‌ಪೋರ್ಟ್ ಮಾಡಬೇಕೆಂಬ ಆಸೆ. ಫೈನಾನ್ಸ್‌ನವರು ಹತ್ತು ಚಕ್ರದ ಹೊಸ ಲಾರಿಗೇ ಸಾಲ ಕೊಡುತ್ತೇವೆ ಎನ್ನುತ್ತಿದ್ದಾರೆ. ಯಾವ ಗಾಡಿ ಕೊಳ್ಳಲಿ, ಹೊಸದೋ ಹಳೆಯದೋ? ದಾಖಲೆಗಳು ಏನೇನು ಬೇಕು? ಮುಂದೆ ಬೆಳೆಯುವುದು ಹೇಗೆ?

ಉತ್ತರ: ನೀವು ಮೊದಲು ಗಾಡಿಯನ್ನು ಕೇಳಿದ್ದೀರಿ, ನಾನು ಲೋಡಿನಿಂದ ಆರಂಭಿಸುತ್ತೇನೆ. ಸಣ್ಣ ಲಾರಿ ಮಾಲೀಕರ ಲೆಕ್ಕಪತ್ರಗಳನ್ನು ಎರಡು ದಶಕಗಳಿಂದ ನೋಡುತ್ತಾ ಬಂದವನಾಗಿ ಹೇಳುವುದಾದರೆ, ಕಂತು ಕಟ್ಟಲಾಗದೆ ಗಾಡಿ ಸೀಜ್ ಆದ ಬಹುತೇಕ ಪ್ರಕರಣಗಳಲ್ಲಿ ಗಾಡಿ ಕೆಟ್ಟದ್ದಾಗಿರಲಿಲ್ಲ, ಮಾಲೀಕರು ಸೋಮಾರಿಗಳೂ ಆಗಿರಲಿಲ್ಲ. ಗಾಡಿಯನ್ನು ಮೊದಲು ಕೊಂಡು, ಅದಕ್ಕೆ ಬಾಡಿಗೆಯನ್ನು ಆಮೇಲೆ ಹುಡುಕಲು ಹೊರಟದ್ದೇ ಅಲ್ಲಿ ತೊಂದರೆಯ ಮೂಲವಾಗಿತ್ತು. ಹತ್ತು ಚಕ್ರದ ಲಾರಿಗೆ ಸಾಲ ಸಿಗುತ್ತದೆ ಎಂಬುದು ನಿಮ್ಮ ಊರಿನಲ್ಲಿ ಹತ್ತು ಚಕ್ರದ ಲಾರಿಗೆ ಕೆಲಸವಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಗಾಡಿಯನ್ನು ಅಡವಿಟ್ಟುಕೊಂಡು ಸಾಲ ಕೊಡುವವರಿಗೆ ನಿಮ್ಮ ಬಾಡಿಗೆಯ ಚಿಂತೆ ನಿಮಗಿರುವಷ್ಟು ಇರುವುದಿಲ್ಲ.

ಆದ್ದರಿಂದ ಯಾರಿಗೂ ಮುಂಗಡ ಕೊಡದೆ ಒಂದು ತಿಂಗಳು ತೆಗೆದುಕೊಳ್ಳಿ. ಈಗಿನ ಕೆಲಸ ಬಿಡಬೇಡಿ. ನಿಮ್ಮ ಸುತ್ತಲಿನ ಸರಕು ಎಲ್ಲಿಂದ ಎಲ್ಲಿಗೆ, ಎಷ್ಟೆಷ್ಟು ತೂಕದಲ್ಲಿ, ಯಾವ ಬಾಡಿಗೆಗೆ ಹೋಗುತ್ತಿದೆ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ. ತಿಪಟೂರಿನ ಉಂಡೆ ಕೊಬ್ಬರಿ ಮುಖ್ಯವಾಗಿ ಉತ್ತರ ಭಾರತದ ಮಾರುಕಟ್ಟೆಗಳಿಗೆ ಹೋಗುತ್ತದೆ. ಅದು ದೊಡ್ಡ ಲಾರಿಗಳ ಕೆಲಸ; ಹೋಗಿ ಬರಲು ವಾರಗಟ್ಟಲೆ ಬೇಕು, ಹಿಂದಿರುಗುವ ಲೋಡಿಗೆ ಪರಸ್ಥಳದ ಬ್ರೋಕರ್‌ಗಳನ್ನು ನಂಬಬೇಕು, ದಾರಿಯಲ್ಲಿ ಕೆಟ್ಟು ನಿಂತರೆ ಕೈಯಲ್ಲಿ ದುಡ್ಡಿರಬೇಕು. ಒಂದೇ ಗಾಡಿಯ ಹೊಸ ಮಾಲೀಕರಿಗೆ ಅದು ತಕ್ಕ ಆರಂಭವಲ್ಲ. ಆದರೆ ತೆಂಗಿನಕಾಯಿ, ಕೊಬ್ಬರಿ ಪುಡಿ, ತೆಂಗಿನ ನಾರು ಇವುಗಳಲ್ಲಿ ಒಂದು ಭಾಗ ಮೂರು ನಾಲ್ಕು ಟನ್ನಿನ ಲೋಡುಗಳಾಗಿ ಬೆಂಗಳೂರಿನ ಕಡೆಗೂ ಹೋಗುತ್ತದೆ. ನಿಮಗೆ ಹೊಂದುವುದು ಇದು.

ರಿಟರ್ನ್ ಲೋಡಿನ ವಿಷಯದಲ್ಲಿ ಹೊಸಬರು ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತಾರೆ. ಬೆಂಗಳೂರಿನಲ್ಲಿ ಖಾಲಿ ಮಾಡಿದ ಮೇಲೆ ಯಶವಂತಪುರದ ಟ್ರಕ್ ಟರ್ಮಿನಲ್ಲಿನಲ್ಲಿ ಗಾಡಿ ನಿಲ್ಲಿಸಿ, ಬ್ರೋಕರ್ ಕೊಡುವ ಲೋಡಿಗಾಗಿ ಒಂದು ದಿನ, ಎರಡು ದಿನ ಕಾಯುತ್ತಾರೆ. ಆದರೆ ಬೆಂಗಳೂರಿನಿಂದ ನಿಮ್ಮ ಊರಿಗೆ ಬರುವ ಸರಕಿಗೆ ಗಾಡಿ ಯಾರದ್ದು ಎಂಬುದನ್ನು ಅನೇಕ ಸಲ ತೀರ್ಮಾನಿಸುವವರು ನಿಮ್ಮ ಊರಿನಲ್ಲೇ ಸರಕು ತರಿಸಿಕೊಳ್ಳುವ ಅಂಗಡಿಯವರು. ತಿಪಟೂರು, ಅರಸೀಕೆರೆ, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಹಾರ್ಡ್‌ವೇರ್, ಟೈಲ್ಸ್, ಪಶು ಆಹಾರ, ಕಿರಾಣಿ ಸಗಟು ವ್ಯಾಪಾರಿಗಳನ್ನು ಒಬ್ಬೊಬ್ಬರನ್ನಾಗಿ ಕಂಡು, ಅವರ ಮಾಲು ಪೀಣ್ಯದಿಂದಲೋ ದಾಬಸ್‌ಪೇಟೆಯ ಗೋದಾಮುಗಳಿಂದಲೋ ವಾರದ ಯಾವ ದಿನ ಬರುತ್ತದೆ, ಈಗ ಯಾರ ಗಾಡಿಯಲ್ಲಿ ಬರುತ್ತದೆ, ತಡವಾದಾಗ ಅವರಿಗೆ ಏನು ನಷ್ಟವಾಗುತ್ತದೆ ಎಂದು ಕೇಳಿ. ಹೋಗುವ ಲೋಡಿಗೆ ಇಬ್ಬರು ಪಾರ್ಟಿಗಳು (ಸರಕು ಕಳುಹಿಸುವ ಗಿರಾಕಿಗಳು), ಬರುವ ಲೋಡಿಗೆ ಮೂರು ನಾಲ್ಕು ಅಂಗಡಿಗಳು ಬಾಯಿಮಾತಿನಲ್ಲಾದರೂ ಒಪ್ಪಿದ ಮೇಲೆ ಯಾವ ಗಾಡಿ ಎಂಬ ಪ್ರಶ್ನೆಗೆ ಬನ್ನಿ.

ಈಗ ಲೆಕ್ಕ. ಕೆಳಗಿನ ಅಂಕಿಗಳು ಲೆಕ್ಕದ ವಿಧಾನ ತೋರಿಸಲು ನಾನು ಹಿಡಿದಿರುವ ಅಂದಾಜುಗಳು. ನಿಮ್ಮ ನೋಟ್‌ಬುಕ್ಕಿನ ಅಂಕಿಗಳನ್ನು ಇವುಗಳ ಜಾಗದಲ್ಲಿ ಇಟ್ಟುಕೊಳ್ಳಿ. ಸರಕು ಸೇರಿ ಒಟ್ಟು ತೂಕ 7,500 ಕಿಲೋ ಮೀರದ, 14 ಅಡಿಯ, ಆರು ಚಕ್ರದ ಹಳೆಯ ಗಾಡಿಯೊಂದನ್ನು 9 ಲಕ್ಷಕ್ಕೆ ಕೊಂಡಿರೆಂದುಕೊಳ್ಳೋಣ. 3 ಲಕ್ಷ ನೀವು ಹಾಕಿ, 6 ಲಕ್ಷ ಸಾಲವನ್ನು ಶೇಕಡಾ 14ರ ಬಡ್ಡಿಯಲ್ಲಿ 48 ತಿಂಗಳಿಗೆ ತೆಗೆದುಕೊಂಡರೆ ಕಂತು ಸುಮಾರು 16,400 ರೂಪಾಯಿ. ವಿಮೆಗೆ ತಿಂಗಳಿಗೆ 3,500, ತೆರಿಗೆ ಮತ್ತು ಎಫ್‌ಸಿಗೆ (ಗಾಡಿಯ ಯೋಗ್ಯತಾ ಪತ್ರ) 1,500, ಪಾರ್ಕಿಂಗ್, ಫೋನು, ಇತರೆ 1,600 ಎಂದಿರಲಿ. ಇವುಗಳ ಜೊತೆಗೆ ಚಾಲಕನ ಸಂಬಳ 20,000 ಸೇರಿಸಲೇಬೇಕು. ನೀವೇ ಓಡಿಸುವುದರಿಂದ ಅದು ಖರ್ಚಲ್ಲ ಎಂದು ಭಾವಿಸಬೇಡಿ. ನಿಮ್ಮ ಮನೆ ನಡೆಯುವುದು ಆ ಹಣದಿಂದ. ಮುಂದೆ ಎರಡನೇ ಗಾಡಿ ಬಂದಾಗ ಅದು ನಿಜವಾದ ಸಂಬಳವಾಗಿ ಕೈಬಿಟ್ಟು ಹೋಗುತ್ತದೆ. ಒಟ್ಟು 43,000 ರೂಪಾಯಿ. ಗಾಡಿ ಓಡಿದರೂ ನಿಂತರೂ ಇದು ತಪ್ಪದು.

ಓಡಿದಾಗ ಬೀಳುವ ಖರ್ಚು ಬೇರೆ. ಡೀಸೆಲ್ ಲೀಟರಿಗೆ 90 ರೂಪಾಯಿ, ಮೈಲೇಜು ಏಳೂವರೆ ಕಿಲೋಮೀಟರ್ ಎಂದರೆ ಕಿಲೋಮೀಟರಿಗೆ 12 ರೂಪಾಯಿ. ಆರು ಟೈರುಗಳಿಗೆ 84,000 ಕೊಟ್ಟು ಅವು 60,000 ಕಿಲೋಮೀಟರ್ ಬಾಳಿದರೆ 1 ರೂಪಾಯಿ 40 ಪೈಸೆ. ಆಯಿಲ್, ಸರ್ವೀಸ್, ರಿಪೇರಿಗೆ 2 ರೂಪಾಯಿ 60 ಪೈಸೆ. ಟೋಲ್ ಮತ್ತು ಬತ್ತಾಕ್ಕೆ 3 ರೂಪಾಯಿ. ಒಟ್ಟು ಕಿಲೋಮೀಟರಿಗೆ 19 ರೂಪಾಯಿ. ತಿಪಟೂರಿನಿಂದ ಬೆಂಗಳೂರಿಗೆ ಹೋಗಿ ಬರಲು ಸುಮಾರು 280 ಕಿಲೋಮೀಟರ್. ತಿಂಗಳಿಗೆ 14 ಟ್ರಿಪ್ ಆದರೆ 3,920 ಕಿಲೋಮೀಟರ್. ಓಟದ ಖರ್ಚು 74,480, ಅದಕ್ಕೆ 43,000 ಸೇರಿಸಿದರೆ 1,17,480. ಅಂದರೆ ಕಿಲೋಮೀಟರಿಗೆ ಸುಮಾರು 30 ರೂಪಾಯಿ. ಅದೇ ಗಾಡಿ ತಿಂಗಳಿಗೆ ಒಂಬತ್ತೇ ಟ್ರಿಪ್ ಮಾಡಿದರೆ ಕಿಲೋಮೀಟರಿನ ವೆಚ್ಚ 36 ರೂಪಾಯಿಗೆ ಏರುತ್ತದೆ. ಒಂದೇ ದಾರಿಯಲ್ಲಿ, ಒಂದೇ ಬಾಡಿಗೆಯಲ್ಲಿ ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ ಆಗುವುದಕ್ಕೆ ಇದು ಮುಖ್ಯ ಕಾರಣ.

ಇನ್ನು ಆದಾಯ. ಹೋಗುವಾಗ 6,500, ಬರುವಾಗ 3,500 ಬಾಡಿಗೆ ಎಂದಿಟ್ಟುಕೊಳ್ಳಿ. ಹದಿನಾಲ್ಕೂ ಸಲ ಖಾಲಿ ಬಂದರೆ ತಿಂಗಳಿಗೆ 26,480 ರೂಪಾಯಿ ನಷ್ಟ. ಒಂಬತ್ತು ಸಲ ರಿಟರ್ನ್ ಲೋಡು ಸಿಕ್ಕರೆ 5,020 ಉಳಿಯುತ್ತದೆ. ಹದಿನಾಲ್ಕೂ ಸಲ ಸಿಕ್ಕರೆ 22,520 ಉಳಿಯುತ್ತದೆ. ಊರಿನ ಅಂಗಡಿಗಳನ್ನು ಮೊದಲು ಸುತ್ತಿ ಎಂದು ನಾನು ಅಷ್ಟು ಒತ್ತಿ ಹೇಳಿದ್ದು ಈ ಮೂರು ಅಂಕಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ. ಇನ್ನೊಂದು ಮಾತನ್ನು ಇಲ್ಲೇ ಸೇರಿಸುತ್ತೇನೆ: ಟೈರು ಮತ್ತು ರಿಪೇರಿಯ ಆ 4 ರೂಪಾಯಿ ಪ್ರತಿ ತಿಂಗಳೂ ಖರ್ಚಾಗುವುದಿಲ್ಲ, ಆದ್ದರಿಂದ ಅದು ಲಾಭದಂತೆ ಕಾಣುತ್ತದೆ. 3,920 ಕಿಲೋಮೀಟರಿಗೆ ಅದು 15,680 ರೂಪಾಯಿ. ಆ ಹಣವನ್ನು ಬೇರೆ ಖಾತೆಗೆ ಹಾಕದಿದ್ದರೆ ಹದಿನೈದು ತಿಂಗಳ ನಂತರ ಆರೂ ಟೈರು ಸವೆದಾಗ ಕೈಸಾಲಕ್ಕೆ ಓಡಬೇಕಾಗುತ್ತದೆ.

ಹತ್ತು ಚಕ್ರದ ಲಾರಿಯ ಸಲಹೆಗೆ ಇದೇ ಅಳತೆಗೋಲು ಹಿಡಿದು ನೋಡಿ. ಹೊಸ ಲಾರಿಗೆ 30 ಲಕ್ಷ ರೂಪಾಯಿ ಸಾಲವನ್ನು ಶೇಕಡಾ 11ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತೆಗೆದುಕೊಂಡರೆ ಕಂತು ಒಂದೇ ಸುಮಾರು 65,000 ಆಗುತ್ತದೆ. ಮೂರು ವಾರ ಲೋಡು ಸಿಗದಿದ್ದರೆ ಅಥವಾ ಅಪಘಾತವಾಗಿ ಗಾಡಿ ವರ್ಕ್‌ಶಾಪಿನಲ್ಲಿ ನಿಂತರೆ ನಿಮ್ಮ ಐದು ಲಕ್ಷದಲ್ಲಿ ಉಳಿದದ್ದು ಎಷ್ಟು ದಿನ ಬರುತ್ತದೆ ಎಂಬುದನ್ನು ನೀವೇ ಎಣಿಸಬಹುದು. ಹತ್ತು ಚಕ್ರ ಕೆಟ್ಟದ್ದಲ್ಲ. ಕಾರ್ಖಾನೆಯೊಂದರೊಡನೆ ವರ್ಷದ ಒಪ್ಪಂದ ಕೈಯಲ್ಲಿದ್ದು, ಎರಡು ಮೂರು ಗಾಡಿಗಳ ಗಳಿಕೆ ಬೆನ್ನಿಗಿದ್ದಾಗ ಅದು ಸರಿಯಾದ ಗಾಡಿ. ಮೊದಲ ಗಾಡಿಯಾಗಿ ನಿಮಗೆ ಬೇಡ ಎಂದು ಸ್ಪಷ್ಟವಾಗಿ ಹೇಳುತ್ತೇನೆ. ಹಾಗೆಯೇ ಟಾಟಾ ಏಸ್‌ನಂಥ ಪುಟ್ಟ ಗಾಡಿಯೂ ನಿಮ್ಮ ದಾರಿಗೆ ಹೊಂದದು. ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಡ ಎಂಬ ಅನುಕೂಲವಿದ್ದರೂ, 140 ಕಿಲೋಮೀಟರ್ ದೂರಕ್ಕೆ ಒಂದು ಟನ್ನಿನ ಆಸುಪಾಸಿನ ಲೋಡು ಒಯ್ದು ಮೇಲಿನ ಖರ್ಚನ್ನು ಹುಟ್ಟಿಸುವುದು ಕಷ್ಟ.

ಐದು ಲಕ್ಷವನ್ನೂ ಗಾಡಿಗೆ ಸುರಿಯಬೇಡಿ. ಪಾರ್ಟಿಯಿಂದ ಹಣ ಬರಲು ನಲವತ್ತೈದು, ಅರವತ್ತು ದಿನಗಳಾಗುತ್ತವೆ. ಬಂಕಿನವರು ಅಷ್ಟು ದಿನ ಕಾಯುವುದಿಲ್ಲ. ತಿಂಗಳಿಗೆ 75,000ದ ಓಟದ ಖರ್ಚಿರುವಾಗ ಎರಡು ತಿಂಗಳಿಗೆ ಒಂದೂವರೆ ಲಕ್ಷ ಬೇಕು, ಒಂದು ದೊಡ್ಡ ರಿಪೇರಿಗೆ ಐವತ್ತು ಸಾವಿರ ಬೇಕು. ಹಾಗಾಗಿ 3 ಲಕ್ಷ ಗಾಡಿಗೆ, 2 ಲಕ್ಷ ಕೈಯಲ್ಲಿ. ಸಾಲಕ್ಕೆ ಮೊದಲು ಬ್ಯಾಂಕಿನಲ್ಲಿ ಮುದ್ರಾ ಯೋಜನೆಯನ್ನು ಕೇಳಿ: 5 ಲಕ್ಷದಿಂದ 10 ಲಕ್ಷದವರೆಗಿನ ತರುಣ್ ವಿಭಾಗದಲ್ಲಿ ಸರಕು ವಾಹನಕ್ಕೂ ಜಾಮೀನಿಲ್ಲದೆ ಸಾಲ ಕೊಡಲು ಅವಕಾಶವಿದೆ. ಹಳೆಯ ಗಾಡಿಗೆ ಬ್ಯಾಂಕುಗಳು ಹಿಂಜರಿಯುವುದರಿಂದ ಕೊನೆಗೆ ಖಾಸಗಿ ಫೈನಾನ್ಸಿಗೇ ಹೋಗಬೇಕಾಗಬಹುದು. ಅಲ್ಲಿ ‘ಫ್ಲಾಟ್’ ಬಡ್ಡಿ ಎಂಬ ಮಾತು ಬಂದರೆ ಎಚ್ಚರ. 6 ಲಕ್ಷಕ್ಕೆ ಶೇಕಡಾ 9ರ ಫ್ಲಾಟ್ ಬಡ್ಡಿ ಎಂದರೆ ನಾಲ್ಕು ವರ್ಷಕ್ಕೆ 2.16 ಲಕ್ಷ ಬಡ್ಡಿ, 17,000 ಕಂತು. ಅದು ಉಳಿದ ಅಸಲಿನ ಮೇಲೆ ಮಾತ್ರ ಎಣಿಸುವ ಬಡ್ಡಿಯಲ್ಲಿ ಶೇಕಡಾ 16ಕ್ಕೆ ಸಮ. ಬ್ಯಾಂಕಿನ 14ಕ್ಕಿಂತ ಫೈನಾನ್ಸಿನ 9 ಅಗ್ಗವೆಂದು ನಂಬಿ ಸಹಿ ಹಾಕಿದ ಎಷ್ಟೋ ಚಾಲಕರನ್ನು ಕಂಡು ನಾನು ನೊಂದಿದ್ದೇನೆ.

ಹೊಸದೋ ಹಳೆಯದೋ ಎಂಬುದಕ್ಕೆ, ನಿಮ್ಮ ಬಂಡವಾಳಕ್ಕೆ ನಾಲ್ಕೈದು ವರ್ಷ ಹಳೆಯದು ಸರಿ. ಎಂಟು ವರ್ಷದೊಳಗಿನ ಸರಕು ವಾಹನಕ್ಕೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ. ಎಂಟು ದಾಟಿದರೆ ಪ್ರತಿ ವರ್ಷ. ಎಂಟರ ಅಂಚಿನಲ್ಲಿರುವ ಗಾಡಿಯ ಬೆಲೆ ಇಳಿಯುವುದು ಸುಮ್ಮನೆ ಅಲ್ಲ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 (ಹೊಗೆ ನಿಯಂತ್ರಣದ ಮಾನದಂಡ) ಗಾಡಿಗಳಲ್ಲಿ ಸೆನ್ಸರ್‌ಗಳು ಹೆಚ್ಚು, ಹಲವು ಮಾದರಿಗಳಿಗೆ ಯೂರಿಯಾ ದ್ರಾವಣವೂ ಬೇಕು. ಸ್ಕ್ಯಾನರ್ ಇಲ್ಲದ ಊರಿನ ಮೆಕ್ಯಾನಿಕ್ ಅವುಗಳನ್ನು ಮುಟ್ಟಲಾರರು. ಆದ್ದರಿಂದ ತಿಪಟೂರಿನಲ್ಲಿ ಅಥವಾ ತುಮಕೂರಿನಲ್ಲಿ ಸರ್ವೀಸ್ ಸಿಗುವ ಕಂಪನಿಯ ಗಾಡಿಯನ್ನೇ ನೋಡಿ. ಎಂಜಿನ್ ಬಿಸಿಯಾದ ಮೇಲೆ ಆಯಿಲ್ ಮುಚ್ಚಳ ತೆಗೆದು ಬ್ಯಾಕ್ ಕಂಪ್ರೆಷನ್ ನೋಡುವುದು ನಿಮಗೆ ಗೊತ್ತಿರುತ್ತದೆ. ಚಾಸಿಯ ಕೆಳಗೆ ಮಲಗಿ ವೆಲ್ಡಿಂಗ್ ಗುರುತುಗಳನ್ನು ಹುಡುಕಿ. ಕಲ್ಲು, ಮರಳು ಹೇರಿದ ಗಾಡಿಯನ್ನು ಬಣ್ಣ ಬಳಿದು ಮಾರುವವರಿದ್ದಾರೆ.

ಯಂತ್ರಕ್ಕಿಂತ ಕಾಗದದಲ್ಲಿ ಮೋಸ ಹೋದವರೇ ಹೆಚ್ಚು. ಪರಿವಾಹನ್ ಜಾಲತಾಣದಲ್ಲಿ ಗಾಡಿಯ ಸಂಖ್ಯೆ ಹಾಕಿ ತೆರಿಗೆ, ಎಫ್‌ಸಿ, ವಿಮೆ, ಬಾಕಿ ಚಲನ್‌ಗಳು, ಹೈಪಾಥಿಕೇಶನ್ (ಗಾಡಿಯ ಮೇಲೆ ಸಾಲವಿದೆ ಎಂಬ ನಮೂದು) ಇವೆಲ್ಲವನ್ನೂ ನೋಡಿ. ಹಳೆಯ ಸಾಲ ಉಳಿದಿದ್ದರೆ ಫೈನಾನ್ಸಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಸಾಲದ ನಮೂದು ತೆಗೆಸುವ ಫಾರ್ಮ್ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ ಹಾಕಿಸಿಕೊಂಡು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವ ರೂಢಿ ನಮ್ಮಲ್ಲಿದೆ. ಹಾಗೆ ಮಾಡದೆ ತಕ್ಷಣ ಆರ್‌ಟಿಓಗೆ ಸಲ್ಲಿಸಿ. ವಿಮೆಯನ್ನೂ ವರ್ಗಾವಣೆಯ ದಿನದಿಂದ 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಬೇಕು. ಆರ್‌ಸಿಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ನೀವು ಮುಂದೆ ಗಾಡಿ ಮಾರುವ ದಿನ ಬಂದಾಗಲೂ ಇದನ್ನು ನೆನಪಿನಲ್ಲಿಡಿ.

ದಾಖಲೆಗಳ ಪಟ್ಟಿ ನೀವು ಹೆದರಿರುವಷ್ಟು ಉದ್ದವಿಲ್ಲ. ಆರ್‌ಸಿ, ಎಫ್‌ಸಿ, ವಿಮೆ, ರಸ್ತೆ ತೆರಿಗೆ, ಹೊಗೆ ತಪಾಸಣೆ, ರಾಜ್ಯದೊಳಗಿನ ಸರಕು ಪರ್ಮಿಟ್, ಫಾಸ್ಟ್ಯಾಗ್. ರಾಷ್ಟ್ರೀಯ ಪರ್ಮಿಟ್‌ಗೆ ವರ್ಷಕ್ಕೆ 16,500 ರೂಪಾಯಿ ಸಂಯೋಜಿತ ಶುಲ್ಕ, ಅದರ ಮೇಲೆ 1,000 ರೂಪಾಯಿ ಅನುಮತಿ ಶುಲ್ಕವಿದೆ; ಹೊಸೂರಿಗೋ ಹಿಂದೂಪುರಕ್ಕೋ ವರ್ಷದಲ್ಲಿ ಎರಡು ಲೋಡು ಬರಬಹುದೆಂದು ಅದನ್ನು ಈಗಲೇ ಮಾಡಿಸುವ ಅಗತ್ಯವಿಲ್ಲ. ವಿಮೆಯಲ್ಲಿ ಥರ್ಡ್ ಪಾರ್ಟಿ (ಇತರರಿಗಾದ ಹಾನಿಯ) ಕಂತನ್ನು ಸರ್ಕಾರವೇ ನಿಗದಿ ಮಾಡುತ್ತದೆ. 2022ರಲ್ಲಿ ಪ್ರಕಟವಾದ ದರದಂತೆ ಒಟ್ಟು ತೂಕ 7,500 ಕಿಲೋ ಮೀರದ ಸರಕು ವಾಹನಕ್ಕೆ ಅದು ತೆರಿಗೆ ಬಿಟ್ಟು 16,049 ರೂಪಾಯಿ. ಸಾಲ ತೀರುವವರೆಗಾದರೂ ಬರಿಯ ಥರ್ಡ್ ಪಾರ್ಟಿ ಸಾಲದು, ಸಮಗ್ರ ವಿಮೆ ಇರಲಿ. ಮಾಲೀಕ-ಚಾಲಕರಿಗೆ ಕಡ್ಡಾಯವಾದ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯನ್ನು ಪಾಲಿಸಿಯಲ್ಲಿ ಕಣ್ಣಾರೆ ನೋಡಿಕೊಳ್ಳಿ. ಕ್ಲೀನರ್ ಇದ್ದರೆ ಅತ್ಯಲ್ಪ ಹೆಚ್ಚುವರಿ ಕಂತಿಗೆ ಅವರ ಹೊಣೆಯನ್ನೂ ಸೇರಿಸಬಹುದು. ನೂರಿನ್ನೂರು ರೂಪಾಯಿ ಉಳಿಸಲು ಅದನ್ನು ಬಿಟ್ಟ ಮಾಲೀಕರು ನಂತರ ಲಕ್ಷಗಟ್ಟಲೆ ಪರಿಹಾರವನ್ನು ಸ್ವಂತ ಕೈಯಿಂದ ಕಟ್ಟಬೇಕಾಗಿ ಬರಬಹುದು.

ತೂಕದ ವಿಷಯದಲ್ಲಿ ನಾನು ಕಟುವಾಗಿಯೇ ಬರೆಯುತ್ತೇನೆ. 2019ರ ತಿದ್ದುಪಡಿಯ ನಂತರ ಓವರ್‌ಲೋಡಿಗೆ ದಂಡ 20,000 ರೂಪಾಯಿ, ಅದರ ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000. ಹೆಚ್ಚಿನ ಸರಕನ್ನು ಇಳಿಸದೆ ಗಾಡಿ ಮುಂದೆ ಹೋಗುವಂತಿಲ್ಲ, ಇಳಿಸುವ ಖರ್ಚೂ ನಿಮ್ಮದೇ. ತೂಕ ಮಾಡಿಸಲು ನಿಲ್ಲಿಸದೆ ಹೋದರೆ 40,000. ‘ಎಲ್ಲರೂ ಒಂದು ಟನ್ ಹೆಚ್ಚು ಹೇರುತ್ತಾರೆ’ ಎಂದು ಪಾರ್ಟಿ ಒತ್ತಾಯಿಸಬಹುದು. ಆ ಒಂದು ಟನ್ನಿನಿಂದ ಬರುವ ಬಾಡಿಗೆಯನ್ನೂ, ಬೇಗ ಸವೆಯುವ ಟೈರು, ಮುರಿಯುವ ಸ್ಪ್ರಿಂಗ್ ಪಟ್ಟಿ, ಇಳಿಜಾರಿನಲ್ಲಿ ಹಿಡಿಯದ ಬ್ರೇಕನ್ನೂ ಎದುರುಬದುರು ಇಟ್ಟು ನೋಡಿದರೆ, ಕಾನೂನನ್ನು ಬದಿಗಿಟ್ಟರೂ ಅದು ಲಾಭದ ಕೆಲಸವಲ್ಲ. ಲೋಡು ಮಾಡಿದ ತಕ್ಷಣ ವೇ ಬ್ರಿಡ್ಜ್ ಚೀಟಿ ತೆಗೆಯುವುದನ್ನು ಮೊದಲ ಟ್ರಿಪ್ಪಿನಿಂದಲೇ ಅಭ್ಯಾಸ ಮಾಡಿಕೊಳ್ಳಿ.

ಇ-ವೇ ಬಿಲ್, ಅಂದರೆ ಸರಕು ಸಾಗಿಸಲು ಜಿಎಸ್‌ಟಿ ಜಾಲತಾಣದಲ್ಲಿ ತೆಗೆಯುವ ಚೀಟಿ, ನಿಮ್ಮ ಸರಕಿನಲ್ಲಿ ಒಂದು ಸೂಕ್ಷ್ಮ ತರುತ್ತದೆ. ತೆಂಗಿನಕಾಯಿಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಅದಕ್ಕೆ ಇ-ವೇ ಬಿಲ್ ಬೇಡ. ಕೊಬ್ಬರಿಗೆ ತೆರಿಗೆಯಿದೆ, ಆದ್ದರಿಂದ ಮೌಲ್ಯ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ ಬೇಕು. ಒಂದೇ ಮಂಡಿಯಿಂದ ಹೊರಟ ಎರಡು ಗಾಡಿಗಳಲ್ಲಿ ಒಂದನ್ನು ಮಾತ್ರ ಅಧಿಕಾರಿಗಳು ತಡೆಯುವುದು ಇದರಿಂದಾಗಿ. ಬಿಲ್ಲಿನ ಬಿ ಭಾಗದಲ್ಲಿ ನಿಮ್ಮ ಗಾಡಿಯ ಸಂಖ್ಯೆ ಸರಿಯಾಗಿದೆಯೇ ಎಂದು ಹೊರಡುವ ಮುನ್ನ ನೋಡಿ. 200 ಕಿಲೋಮೀಟರಿಗೆ ಒಂದು ದಿನದ ಅವಧಿ ಇರುತ್ತದೆ. ದಾರಿಯಲ್ಲಿ ಗಾಡಿ ಕೆಟ್ಟರೆ, ಅವಧಿ ಮುಗಿಯುವ ಎಂಟು ಗಂಟೆ ಮೊದಲಿನಿಂದ ಮುಗಿದ ಎಂಟು ಗಂಟೆಯವರೆಗೆ ಅದನ್ನು ವಿಸ್ತರಿಸಬಹುದು.

ನಿಮ್ಮ ಸ್ವಂತ ಜಿಎಸ್‌ಟಿಯ ಬಗ್ಗೆ ಈಗ ಚಿಂತಿಸಬೇಡಿ. ಟ್ರಾನ್ಸ್‌ಪೋರ್ಟ್ ಕಂಪನಿಗೆ ಗಾಡಿಯನ್ನು ಬಾಡಿಗೆಗೆ ಕೊಡುವುದಕ್ಕೆ ವಿನಾಯಿತಿ ಇದೆ. ನಿಮ್ಮ ಹೆಸರಿನಲ್ಲಿ ಎಲ್‌ಆರ್ (ಸರಕು ಸಾಗಣೆಯ ರಸೀದಿ) ಬರೆಯತೊಡಗಿದ ದಿನದಿಂದ ಮಾತು ಬೇರೆ. ಅದನ್ನು ಮುಂದೆ ಹೇಳುತ್ತೇನೆ. ಆದಾಯ ತೆರಿಗೆಯಲ್ಲಿ ಹತ್ತು ಗಾಡಿಗಳವರೆಗಿನ ಮಾಲೀಕರಿಗೆ ಅಂದಾಜು ಆದಾಯದ ಪದ್ಧತಿ ಇದೆ: ಒಟ್ಟು ತೂಕ 12 ಟನ್ ಮೀರದ ಗಾಡಿಗೆ ತಿಂಗಳಿಗೆ 7,500 ರೂಪಾಯಿ, ಅದಕ್ಕಿಂತ ಭಾರಿಯದಕ್ಕೆ ಟನ್ನಿಗೆ 1,000 ರೂಪಾಯಿ ಆದಾಯವೆಂದು ತೋರಿಸಿದರೆ ವಿವರವಾದ ಲೆಕ್ಕಪುಸ್ತಕ ಬೇಡ. ನಿಮ್ಮ ಒಂದು ಗಾಡಿಗೆ ಅದು ವರ್ಷಕ್ಕೆ 90,000. ತೆರಿಗೆ ಬರದಿದ್ದರೂ ರಿಟರ್ನ್ ಸಲ್ಲಿಸಿ, ಏಕೆಂದರೆ ಎರಡನೇ ಗಾಡಿಗೆ ಸಾಲ ಕೇಳುವಾಗ ಬ್ಯಾಂಕು ಮೊದಲು ನೋಡುವುದು ಅದನ್ನೇ. ಹತ್ತಕ್ಕಿಂತ ಹೆಚ್ಚು ಗಾಡಿಗಳಿಲ್ಲವೆಂಬ ಘೋಷಣೆಯನ್ನು ಪ್ಯಾನ್ ಸಮೇತ ಪಾರ್ಟಿಗೆ ಕೊಟ್ಟರೆ ಬಾಡಿಗೆಯಲ್ಲಿ ಟಿಡಿಎಸ್ (ಮೂಲದಲ್ಲೇ ಆದಾಯ ತೆರಿಗೆ ಕಡಿತ) ಹಿಡಿಯುವಂತಿಲ್ಲ.

ಬಾಡಿಗೆ ಮಾತಾಡುವಾಗ ಮೊತ್ತದಷ್ಟೇ ಮುಖ್ಯವಾದ ನಾಲ್ಕು ಸಂಗತಿಗಳನ್ನು ಮೊದಲೇ ಬಿಡಿಸಿಕೊಳ್ಳಿ: ಹಮಾಲಿ ಯಾರದ್ದು, ಅಡ್ವಾನ್ಸ್ ಎಷ್ಟು, ಗೋದಾಮಿನಲ್ಲಿ ಒಂದು ದಿನಕ್ಕಿಂತ ಹೆಚ್ಚು ಕಾಯಿಸಿದರೆ ಹಾಲ್ಟಿಂಗ್ ಎಷ್ಟು, ಬಾಕಿ ಯಾವ ದಿನ. ಬೆಂಗಳೂರಿನೊಳಗೆ ಸರಕು ವಾಹನಗಳಿಗೆ ಹಗಲಿನ ನಿರ್ಬಂಧಗಳಿರುವುದರಿಂದ ಹಾಲ್ಟಿಂಗ್ ಮಾತು ನಿಮಗೆ ಹೆಚ್ಚು ಬೇಕಾಗುತ್ತದೆ. ಇಳಿಸಿದ ಕಡೆ ಎಲ್‌ಆರ್ ಪ್ರತಿಯ ಮೇಲೆ ಸಹಿ, ಸೀಲು ಇಲ್ಲದೆ ಗಾಡಿ ತೆಗೆಯಬೇಡಿ. ಸಣ್ಣ ಉದ್ಯಮಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ, ಮಾಡಿಸಿಕೊಳ್ಳಿ. 2006ರ ಸೂಕ್ಷ್ಮ, ಸಣ್ಣ ಉದ್ಯಮಗಳ ಕಾಯ್ದೆಯಂತೆ ನಿಮ್ಮಂಥವರಿಗೆ ಲಿಖಿತ ಒಪ್ಪಂದವಿದ್ದರೂ ಗರಿಷ್ಠ 45 ದಿನಗಳೊಳಗೆ ಹಣ ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಚಕ್ರಬಡ್ಡಿ. ದಿನವೂ ಲೋಡು ಕೊಡುವ ಪಾರ್ಟಿಯ ಮೇಲೆ ಯಾರೂ ದೂರು ಹಾಕುವುದಿಲ್ಲ, ನಿಜ. ಆದರೆ ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಅಚ್ಚಾಗಿದ್ದರೆ ಕಂಪನಿಯ ಲೆಕ್ಕ ವಿಭಾಗ ನಿಮ್ಮ ಬಿಲ್ಲನ್ನು ಕೊನೆಗೆ ಇಡುವುದಿಲ್ಲ, ಏಕೆಂದರೆ ತಡಮಾಡಿದ ಹಣವನ್ನು ಅವರು ಅದೇ ವರ್ಷದ ಖರ್ಚಾಗಿ ತೋರಿಸಲು ಆದಾಯ ತೆರಿಗೆಯಲ್ಲಿ ಅಡ್ಡಿಯಾಗುತ್ತದೆ.

ಇನ್ನು ಬೆಳವಣಿಗೆ. ಎರಡನೇ ಗಾಡಿ ಯಾವಾಗ ಎಂಬುದಕ್ಕೆ ನನ್ನ ಉತ್ತರ ಬ್ಯಾಂಕ್ ಬ್ಯಾಲೆನ್ಸಿನಲ್ಲಿ ಇಲ್ಲ. ನಿಮ್ಮ ಗಾಡಿ ದಾರಿಯಲ್ಲಿರುವಾಗ ನಿಮ್ಮ ಪಾರ್ಟಿ ಇನ್ನೊಂದು ಲೋಡು ಕೊಟ್ಟರೆ ಇಲ್ಲವೆನ್ನದೆ ಹೊರಗಿನ ಗಾಡಿ ಕರೆಸಿ, ಸಣ್ಣ ಕಮಿಷನ್ ಇಟ್ಟುಕೊಂಡು ಕಳುಹಿಸಿ. ಹೀಗೆ ಮಾರ್ಕೆಟ್ ಗಾಡಿಗೆ ಕೊಟ್ಟ ಲೋಡುಗಳು ಸತತ ಮೂರು ತಿಂಗಳು ಎಂಟು ಹತ್ತರಂತೆ ಬಂದರೆ, ಎರಡನೇ ಗಾಡಿಯ ಕೆಲಸ ಆಗಲೇ ಹುಟ್ಟಿದೆ ಎಂದರ್ಥ. ಅಷ್ಟರಲ್ಲಿ ಮೊದಲ ಸಾಲ ಅರ್ಧ ತೀರಿರಬೇಕು, ಎರಡೂ ಗಾಡಿಗಳ ಎರಡು ತಿಂಗಳ ಓಟದ ಖರ್ಚು ಕೈಯಲ್ಲಿರಬೇಕು. ಕೊಳ್ಳುವಾಗ ಮೊದಲನೆಯದೇ ಕಂಪನಿ, ಮೊದಲನೆಯದೇ ಮಾದರಿ ಇರಲಿ. ಒಂದೇ ಸ್ಟೆಪ್ನಿ, ಒಂದೇ ಫಿಲ್ಟರ್, ಒಬ್ಬರೇ ಮೆಕ್ಯಾನಿಕ್ ಸಾಕಾಗುತ್ತದೆ.

ಹೊರಗಿನ ಗಾಡಿಗಳನ್ನು ಕಳುಹಿಸುತ್ತಾ ನಿಮ್ಮ ಹೆಸರಿನ ಎಲ್‌ಆರ್ ಪುಸ್ತಕ ಅಚ್ಚು ಹಾಕಿಸಿದಾಗ ನೀವು ಬರಿಯ ಲಾರಿ ಮಾಲೀಕರಾಗಿ ಉಳಿಯುವುದಿಲ್ಲ. 2007ರ ರಸ್ತೆ ಸಾಗಣೆ ಕಾಯ್ದೆಯಂತೆ ಸಾರ್ವಜನಿಕ ಸಾಗಣೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಸರಕಿಗೆ ಹಾನಿಯಾದರೆ, ಕಳುಹಿಸುವವರು ಹೆಚ್ಚಿನ ಮೌಲ್ಯ ಘೋಷಿಸದಿದ್ದಲ್ಲಿ, ಬಾಡಿಗೆಯ ಹತ್ತು ಪಟ್ಟಿನವರೆಗೆ ನಿಮ್ಮ ಹೊಣೆ ಇರುತ್ತದೆ. ಬುಕಿಂಗ್ ದಿನದಿಂದ 180 ದಿನಗಳೊಳಗೆ ಅವರು ನೋಟಿಸ್ ಕೊಡಬಹುದು. ಜಿಎಸ್‌ಟಿಯಲ್ಲೂ ಆಗ ನೀವು ಸರಕು ಸಾಗಣೆ ಏಜೆನ್ಸಿ. ಸಾಮಾನ್ಯವಾಗಿ ಶೇಕಡಾ 5ನ್ನು ನಿಮ್ಮ ನೋಂದಾಯಿತ ಗಿರಾಕಿಯೇ ನೇರವಾಗಿ ಸರ್ಕಾರಕ್ಕೆ ಕಟ್ಟುತ್ತಾರೆ; ನಿಮ್ಮ ಎಲ್ಲ ಕೆಲಸವೂ ಆ ರೀತಿಯದ್ದೇ ಆದರೆ ನಿಮಗೆ ನೋಂದಣಿಯೂ ಬೇಡ. ನೀವೇ ತೆರಿಗೆ ವಿಧಿಸಿ ಹೂಡುವಳಿ ತೆರಿಗೆಯ (ನೀವು ಕೊಂಡದ್ದರ ಮೇಲೆ ಕಟ್ಟಿದ ಜಿಎಸ್‌ಟಿ) ಲಾಭ ಪಡೆಯುವ ದಾರಿಯಲ್ಲಿ ದರ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 18. ಹೊಸ ಗಾಡಿಗಳನ್ನು ಒಟ್ಟಿಗೆ ಕೊಳ್ಳುವ ವರ್ಷದಲ್ಲಿ ಮಾತ್ರ ಅದನ್ನು ಆಡಿಟರ್ ಜೊತೆ ಕುಳಿತು ಯೋಚಿಸಿದರೆ ಸಾಕು.

ಎರಡನೇ ಗಾಡಿಯೊಡನೆ ಬರುವ ದೊಡ್ಡ ಬದಲಾವಣೆ ಚಾಲಕ. ನಿಮ್ಮ ಗಾಡಿಯ ತೂಕಕ್ಕೆ ಹೆವಿ ಲೈಸೆನ್ಸ್ ಬೇಕಿಲ್ಲ. ಲಘು ವಾಹನದ ಲೈಸೆನ್ಸ್ ಇರುವವರು ಒಟ್ಟು ತೂಕ 7,500 ಕಿಲೋ ಮೀರದ ಸರಕು ವಾಹನವನ್ನು ಬೇರೆ ಅನುಮೋದನೆಯಿಲ್ಲದೆ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಎತ್ತಿಹಿಡಿದಿದೆ. 7,500ರ ಒಳಗಿನ ಗಾಡಿಯನ್ನೇ ನಾನು ಸೂಚಿಸಲು ಇದೂ ಒಂದು ಕಾರಣ. ಲೈಸೆನ್ಸಿನ ಪ್ರತಿಯನ್ನು ಪರಿವಾಹನ್‌ನಲ್ಲಿ ಪರಿಶೀಲಿಸಿಯೇ ಕೀಲಿ ಕೊಡಿ. ನಕಲಿ ಲೈಸೆನ್ಸ್ ಇದ್ದರೆ ವಿಮಾ ಕಂಪನಿಗೆ ಕೈತೊಳೆದುಕೊಳ್ಳಲು ದಾರಿ ಸಿಗುತ್ತದೆ. ಮುಂದಿನದನ್ನು ಹನ್ನೊಂದು ವರ್ಷ ಸ್ಟೇರಿಂಗ್ ಹಿಡಿದ ನಿಮಗೆ ಹೇಳುವಾಗ ನನಗೆ ಸಂಕೋಚವಿದೆ, ಆದರೂ ಹೇಳುತ್ತೇನೆ, ಏಕೆಂದರೆ ಚಾಲಕರಾಗಿದ್ದವರೇ ಮಾಲೀಕರಾದ ಮೇಲೆ ಇದನ್ನು ಮರೆತದ್ದನ್ನು ನೋಡಿದ್ದೇನೆ. ಸಂಬಳ ತಿಂಗಳ ನಿಗದಿತ ದಿನಕ್ಕೆ ಸೇರಬೇಕು, ಬತ್ತಾ ಹೊರಡುವ ಮುನ್ನ ಕೈಯಲ್ಲಿರಬೇಕು. ಬೇಗ ಮುಟ್ಟಿಸಿದ್ದಕ್ಕೆ ಇನಾಮು ಕೊಡುವ ಪದ್ಧತಿ ಬೇಡ. ಅದು ನಿದ್ದೆಗೆಟ್ಟು ಓಡಿಸಲು ಕೊಡುವ ಹಣ. ಬೇಕಿದ್ದರೆ ಡೀಸೆಲ್ ಉಳಿಸಿದ್ದಕ್ಕೆ, ಟೈರು ಹೆಚ್ಚು ಬಾಳಿಸಿದ್ದಕ್ಕೆ ಪಾಲು ಕೊಡಿ. ಪ್ರತಿ ಸಲ ಟ್ಯಾಂಕ್ ಪೂರ್ತಿ ತುಂಬಿಸಿ, ಮೀಟರಿನ ಅಂಕಿ ಬರೆದಿಟ್ಟರೆ ಮೈಲೇಜಿನ ಸತ್ಯ ತಾನಾಗಿ ತಿಳಿಯುತ್ತದೆ; ಅನುಮಾನದ ಮಾತಿಗೆ ಜಾಗ ಉಳಿಯುವುದಿಲ್ಲ.

ಮೂರನೆಯ ಗಾಡಿಯ ಹೊತ್ತಿಗೆ ನೀವು ಸ್ಟೇರಿಂಗ್ ಬಿಟ್ಟು ಕುಳಿತುಕೊಳ್ಳುವುದು ಅನಿವಾರ್ಯವಾಗುತ್ತದೆ. ಬಾಕಿ ವಸೂಲಿ, ಎಫ್‌ಸಿ ದಿನಾಂಕ, ಲೋಡು ಜೋಡಿಸುವುದು ಇವುಗಳನ್ನು ರಸ್ತೆಯಿಂದ ಫೋನಿನಲ್ಲಿ ಮಾಡಲಾಗದು. ಮನೆಯಲ್ಲಿ ಲೆಕ್ಕ ಬಲ್ಲವರಿದ್ದರೆ ಮೊದಲ ಗಾಡಿಯಿಂದಲೇ ಅವರಿಗೆ ಈ ಕೆಲಸ ಒಪ್ಪಿಸಿ. ಒಂದೇ ಪಾರ್ಟಿಯಿಂದ ನಿಮ್ಮ ಆದಾಯದ ಅರ್ಧಕ್ಕಿಂತ ಹೆಚ್ಚು ಬರುತ್ತಿದ್ದರೆ ಆ ಸ್ಥಿತಿಯಲ್ಲಿ ಮೂರನೆಯದನ್ನು ಕೊಳ್ಳಬೇಡಿ.

ಸದ್ಯಕ್ಕೆ ಫೈನಾನ್ಸ್‌ನವರಿಂದ ಒಂದು ತಿಂಗಳ ಕಾಲಾವಕಾಶ ಕೇಳಿ. ಆ ತಿಂಗಳಲ್ಲಿ ಬರೆದ ಲೋಡು, ತೂಕ, ಬಾಡಿಗೆ, ರಿಟರ್ನ್ ಲೋಡಿನ ಪಟ್ಟಿಯನ್ನು ನನಗೆ ಕಳುಹಿಸಿದರೆ ಮೇಲಿನ ಲೆಕ್ಕವನ್ನು ನಿಮ್ಮ ಅಂಕಿಗಳಲ್ಲಿ ಮತ್ತೊಮ್ಮೆ ಮಾಡಿ, ತಿಂಗಳಿಗೆ ಎಷ್ಟು ಕಂತನ್ನು ನಿಮ್ಮ ದಾರಿ ಹೊರಬಲ್ಲದು ಎಂದು ತಿಳಿಸುತ್ತೇನೆ.